ಹುಣಸೆಹುಳಿ ಹಾಕಿ ತಿಕ್ಕಿದ ನಂಬರುಗಳು

ತಲ್ಲೂರು
೨೪-೧೧-೨೦೧೨, ಶನಿವಾರ

ಪ್ರೀತಿಯ ಮಗ ರವಿಚಂದ್ರನಿಗೆ,

ಪತ್ರದ ಮೊದಲಿಗೆ 'ಅಮ್ಮ ಮಾಡುವ ಆಶೀರ್ವಾದಗಳು' ಎಂದು ಬರೆಯುವುದು ಕ್ರಮ. ಬರೆಯಲು ಹೊರಟೆ, ಕೈ ಏಳಲಿಲ್ಲ. ಆಶೀರ್ವಾದದ ಸಂಗತಿ ಕೊನೆಗೆ ಬರೆಯುತ್ತೇನೆ, ಅಲ್ಲಿಯವರೆಗೆ ತಾಳ್ಮೆಯಿಂದ ಓದು. ನಿನ್ನ ಆರೋಗ್ಯ ಹೇಗಿದೆ? ಮುಂಬಯಿಯಲ್ಲಿ ಬಾವನ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಇಡೀ ದಿನ ಕೂತು ಸೊಂಟ ಹಿಡಿಯುತ್ತದೆ ಎಂದಿದ್ದೆ, ನಾನು ಕೊಟ್ಟ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ? ಪ್ರೇಕ್ಷಾಳ ಕೆಮ್ಮು ಕಮ್ಮಿಯಾಯಿತಾ? ಅವಳಿಗೆ ಐಸ್‌ಕ್ರೀಮು ಕೊಡಿಸುವುದನ್ನು ನಿಲ್ಲಿಸಿ ಕಾಳುಮೆಣಸಿನ ಕಷಾಯ ಕುಡಿಸಿ. ಮುಖ ಸಿಂಡರಿಸಿದರೆ ಸಿಂಡರಿಸಲಿ, ಮೊಮ್ಮಗಳಿಗೆ ನನ್ನ ಮೇಲೆ ಸಿಟ್ಟು ಬಂದರೂ ಅಡ್ಡಿಯಿಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಇದ್ದದ್ದೇ. ಊಟ ಸೇರುತ್ತದೆ, ನಿದ್ರೆ ಬರುತ್ತದೆ, ಬಸಳೆ ಚಪ್ಪರಕ್ಕೆ ನಾನೇ ನೀರು ಹೊರುತ್ತೇನೆ. ನಿನ್ನ ಲೆಕ್ಕದಲ್ಲಿ ನಾನು ಈ ಹೊತ್ತಿಗೆ ಸತ್ತು, ನೀವೆಲ್ಲ ವರ್ಷದ ತಿಥಿಗೆ ತಯಾರಿ ಮಾಡುತ್ತಿರಬೇಕಿತ್ತು. ಸಾಯಲಿಲ್ಲ. ಹೀಗೆ ಯಾಕೆ ಬರೆದೆ ಎನ್ನುವುದು ನಿನಗೆ ಗೊತ್ತು, ನಿನ್ನ ಹೆಂಡತಿ ಪುಷ್ಪಳಿಗೆ ಮುಂದೆ ಗೊತ್ತಾಗುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಬೇಡದ ಮಾತು ಬಂದ ಕೂಡಲೇ 'ಅಮ್ಮ, ಕೇಂತಿಲ್ಲೆ, ಟವರ್ ಇಲ್ಲೆ' ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಟವರ್ ಬೇಡ. ಲಕೋಟೆಯ ಮೇಲೆ ನಿನ್ನ ಹೆಸರು ಹಾಕದೆ ಪುಷ್ಪಳ ಹೆಸರು ಹಾಕಿ ರಿಜಿಸ್ಟರ್ ಮಾಡುತ್ತಿದ್ದೇನೆ, ಅವಳೇ ಸಹಿ ಮಾಡಿ ತೆಗೆದುಕೊಳ್ಳಲಿ, ಅವಳೇ ಮೊದಲು ಓದಲಿ. ಹಾಗಾಗಿ ನಿನಗೆ ಚೆನ್ನಾಗಿ ಗೊತ್ತಿರುವುದನ್ನೂ ಬುಡದಿಂದ ಬರೆಯುತ್ತೇನೆ. ಪುಷ್ಪ, ನೀನು ಅಡುಗೆಯನ್ನು ಒಲೆಯ ಮೇಲೆ ಇಟ್ಟು ಓದಬೇಡ, ತಳ ಹಿಡಿಯುತ್ತದೆ. ಕೂತು ಓದು.

ನಿನ್ನ ಅಪ್ಪಯ್ಯ ಕೊಲ್ಲೂರು ಲೈನಿನಲ್ಲಿ ಜೀಪು ಓಡಿಸಿದವರು. ಜೀಪು ಸ್ಟ್ಯಾಂಡಿನಲ್ಲಿ ಇವತ್ತಿಗೂ ನಿಮ್ಮಿಬ್ಬರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಅವರ ಹೆಸರು ಹಿಡಿದು ಕುಷ್ಟಣ್ಣನ ಮಕ್ಕಳು ಎಂದೇ ಕರೆಯುತ್ತಾರೆ. ಆ ಹೆಸರಿನ ಮೇಲೆ ನಿಮಗೆ ಸ್ಟ್ಯಾಂಡಿನಲ್ಲಿ ಜಾಗ ಸಿಕ್ಕಿತು. ನೀನು ಮೊದಲು ಕೆಂಪು ಜೀಪು ತೆಗೆದೆ, ನಿನ್ನ ತಮ್ಮ ಪ್ರವೀಣ ಆಮೇಲೆ ಅದೇ ಕಂಪೆನಿಯ, ಅದೇ ಮಾಡೆಲಿನ ಬಿಳಿ ಜೀಪು ತೆಗೆದ. ನಿನಗೆ ಆಗ ಏಳೂವರೆ ಶನಿ, ವಾಹನ ನಿನ್ನ ಹೆಸರಿನಲ್ಲಿ ಇರಬಾರದು, ಹೆತ್ತ ತಾಯಿಯ ಹೆಸರಿನಲ್ಲಿ ಇರಲಿ ಎಂದು ಜೋಯಿಸರು ಹೇಳಿದರು. ನೀನು ನನ್ನನ್ನು ಆರ್.ಟಿ.ಒ. ಆಫೀಸಿನವರೆಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದೆ. ಅಣ್ಣ ಮಾಡಿದ ಹಾಗೆ ತಾನೂ ಮಾಡುವುದು ಎಂದು ಪ್ರವೀಣನೂ ತನ್ನ ಗಾಡಿಯನ್ನು ನನ್ನ ಹೆಸರಿಗೇ ಮಾಡಿಸಿದ. ಎರಡರ ಗಾಜಿನ ಮೇಲೂ 'ಅಮ್ಮನ ಆಶೀರ್ವಾದ' ಎಂದು ಬರೆಸಿದಿರಿ. ಸೈಕಲ್ಲೂ ಬಿಡಲು ಬಾರದ ನಾನು ಎರಡು ಜೀಪಿನ ಯಜಮಾನಿ ಎಂದು ನಾವು ಮೂವರೂ ಎಷ್ಟು ನಕ್ಕಿದ್ದೆವು!

ಕಳೆದ ಚಳಿಗಾಲದಲ್ಲಿ ಪ್ರವೀಣನಿಗೆ ಅರಶಿನ ಮುಂಡಿಗೆ ಬಂತು, ಆಸ್ಪತ್ರೆಯವರು ಕಾಮಾಲೆ ಎಂದರು. ಕಣ್ಣು, ಉಗುರು ಎಲ್ಲ ಹಳದಿ. ಮದ್ದು, ಪಥ್ಯ ಎಂದು ಅವನು ಚಾಪೆ ಬಿಟ್ಟು ಏಳಲಿಲ್ಲ, ಬಿಳಿ ಜೀಪು ಕೊಟ್ಟಿಗೆಯಲ್ಲೇ ಉಳಿಯಿತು. ಆ ಹೊತ್ತಿಗೆ ನಿನ್ನ ಕೆಂಪು ಜೀಪು ಹೊಗೆ ಉಗುಳುತ್ತಿತ್ತು, ಇಂಜೆಕ್ಟರ್ ನಾಲ್ಕೂ ಹೋಗಿದೆ ಎಂದು ನೀನೇ ಊಟಕ್ಕೆ ಕೂತಾಗ ಹೇಳಿದ್ದೆ. ಒಂದು ದಿನ ಬೆಳಿಗ್ಗೆ ಬಂದು 'ಮಾಣಿ ಮನಿಕಂಡಿದ್ದ, ಗಾಡಿ ಸುಮ್ನೆ ಧೂಳ್ ತಿಂತಾ ಇತ್ತ್. ಬೈಂದೂರಂಗೆ ವಾಟರ್ ಸರ್ವೀಸ್ ಮಾಡ್ಸ್ಕಂಡ್ ಬತ್ತೆ' ಎಂದು ಬಿಳಿ ಜೀಪಿನ ಕೀಲಿ ಕೇಳಿದೆ. ಕೊಟ್ಟವಳು ನಾನೇ. ತಮ್ಮನ ಮೇಲೆ ಎಷ್ಟು ಕಾಳಜಿ ಎಂದು ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ. ಜೀಪು ಥಳಥಳ ಹೊಳೆಯುತ್ತಾ ವಾಪಸು ಬಂತು. ಅದೇ ವಾರ ನಿನ್ನ ಕೆಂಪು ಜೀಪಿನ ಹೊಗೆಯೂ ನಿಂತಿತು. ಹೊಸ ಇಂಜೆಕ್ಟರ್ ಹಾಕಿಸಿದೆ ಎಂದೆ, ನಾವು ನಂಬಿದೆವು.

ಪ್ರವೀಣ ಎದ್ದು ಓಡಾಡುವ ಹಾಗಾಗಿ ಮೊದಲ ಬಾಡಿಗೆಗೆ ಹೋದದ್ದು ಕೇರಳದ ಭಕ್ತರನ್ನು ಕೂರಿಸಿಕೊಂಡು, ಕೊಲ್ಲೂರಿನಿಂದ ಶೃಂಗೇರಿಗೆ. ನಾಗೋಡಿ ಘಾಟಿಯ ತಿರುವಿನಲ್ಲಿ ಜೀಪು ಗಡಗಡ ನಡುಗಿ, ಕಪ್ಪು ಹೊಗೆ ಕಕ್ಕಿ, ನಿಂತೇಬಿಟ್ಟಿತು. ಹಿಂದಕ್ಕೆ ಜಾರತೊಡಗಿತು. ಅವನು ಹ್ಯಾಂಡ್‌ಬ್ರೇಕು ಎಳೆದ, ಯಾರೋ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು. ಹೆದರಿ ಕೆಳಗೆ ಹಾರಿದ ಒಬ್ಬ ಅಜ್ಜಿಯ ಮಣಿಕಟ್ಟು ಮುರಿಯಿತು. ಆ ಅಜ್ಜಿಯನ್ನು ಅವನು ಎತ್ತಿಕೊಂಡು ಮೇಲಿನ ಅಂಗಡಿಯವರೆಗೆ ನಡೆದನಂತೆ. ಮುಂಡಿಗೆಯಿಂದ ಎದ್ದ ಮೈ, ರವಿ. ಮನೆಗೆ ಬಂದವನು ಗಂಜಿಯ ಬಟ್ಟಲನ್ನು ಹಿಡಿಯಲಾಗದೆ ಕೆಳಗಿಟ್ಟ.

ಮರುದಿನ ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಸೇರಿಸಿದವನು ನೀನು. ಹಂಗಾರಕಟ್ಟೆಯಲ್ಲಿ ಅವನ ಸ್ನೇಹಿತರು ಇದ್ದಾರಲ್ಲ, ಬೋಟಿಗೆ ಕೊಡುವ ಸೀಮೆಎಣ್ಣೆ ತಂದು ಡೀಸೆಲ್ಲಿಗೆ ಬೆರೆಸಿದ್ದಾನೆ ಎಂದೆ. 'ನನ್ನ್ ತಮ್ಮನೇ ಆಯ್ಲಿ, ಭಕ್ತರ್ ಜೀವದ್ ಜೊತಿ ಆಟ ಆಡುಕೆ ನಾ ಬಿಡೂದಿಲ್ಲೆ' ಎಂದೆಯಂತೆ. ಎಂಥ ಧರ್ಮರಾಯ! ಒಡಹುಟ್ಟಿದವನೇ ಹೇಳಿದ ಮೇಲೆ ಬೇರೆಯವರು ಅನುಮಾನಿಸುವುದು ಹೇಗೆ? ಅವನ ಜಾಗ ಹೋಯಿತು. ಮನೆಗೆ ಬಂದು ಅವನು ನಿನ್ನ ಹತ್ತಿರ ಕೇಳಿದ್ದು ಒಂದೇ ಮಾತು, ಬೈಂದೂರಿನಲ್ಲಿ ಗಾಡಿಯ ಇಂಜಿನ್ನನ್ನು ಯಾರಾದರೂ ಬಿಚ್ಚಿದರಾ ಅಣ್ಣ ಎಂದು. ನಾನು ಚಾವಡಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ನೀನು ನೇರ ಬಂದು ನನ್ನ ನೆತ್ತಿಯ ಮೇಲೆ ಕೈಯಿಟ್ಟೆ. 'ಅಮ್ಮನ್ ತಲಿ ಮುಟ್ಟಿ ಹೇಳ್ತೆ, ನಾನ್ ಆ ಗಾಡಿ ಬಾನೆಟ್ ಎತ್ಲಿಲ್ಲೆ, ಯಾರೂ ಎತ್ಲಿಲ್ಲೆ.' ನಿನ್ನ ಅಂಗೈ ಬೆವತಿತ್ತು, ಬೆವರು ನನ್ನ ಬೈತಲೆಗೆ ತಾಗಿತು. ಹೆತ್ತವಳ ತಲೆ ಮುಟ್ಟಿ ಸುಳ್ಳು ಹೇಳಿದರೆ ಹೆತ್ತವಳು ಉಳಿಯುವುದಿಲ್ಲ ಎನ್ನುವುದನ್ನು ನಿನಗೆ ಕಲಿಸಿದವಳು ನಾನು. ಅಂಥದ್ದರಲ್ಲಿ ಸುಳ್ಳಿರಲು ಸಾಧ್ಯವೇ ಇಲ್ಲ ಎಂದು ಪ್ರವೀಣ ಅಲ್ಲಿಗೆ ಮಾತು ನಿಲ್ಲಿಸಿದ.

ಆಮೇಲೆ ನೀನು ಕೆಂಪು ಜೀಪನ್ನು ತಿಮ್ಮನಿಗೆ ಓಡಿಸಲು ಕೊಟ್ಟು ಬಾವನ ಹೋಟೆಲಿಗೆ ಹೋದೆ, ಇಲ್ಲಿ ನಡೆದದ್ದನ್ನು ಮುಂಬಯಿಯಿಂದ ಫೋನಿನಲ್ಲಿ ಕೇಳಿದ್ದೀಯೇ ಹೊರತು ಕಣ್ಣಾರೆ ಕಂಡಿಲ್ಲ. ಪ್ರವೀಣನಿಗೆ ಗೊತ್ತು ಮಾಡಿದ್ದ ಬ್ರಹ್ಮಾವರದ ಹುಡುಗಿ ಅಕ್ಷಯಾಳ ಅಪ್ಪ ನಿಶ್ಚಯದ ಮಾತು ಮುರಿದರು. ಬಡವನಿಗಾದರೂ ಕೊಟ್ಟೇನು, ಭಕ್ತರಿಗೆ ಮೋಸ ಮಾಡುವವನಿಗೆ ಕೊಡಲಾರೆ ಎಂದರು. ಪ್ರವೀಣ ಬಿಳಿ ಜೀಪಿಗೆ ತಾಡಪಾಲು ಹೊದಿಸಿ ಹಂಗಾರಕಟ್ಟೆಗೆ ಹೋದ, ಬೋಟು ಕಟ್ಟುವಲ್ಲಿ ಮರಕ್ಕೆ ಪಾಲಿಶ್ ಕಾಗದ ತಿಕ್ಕುವ ಕೆಲಸಕ್ಕೆ. ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ, ಕುಷ್ಟಣ್ಣನ ಮಗ ಎಂದು ಯಾರೂ ಕರೆಯಬಾರದು ಎಂದು. ಮಳೆಗಾಲದಲ್ಲಿ ನಾನು ಜ್ವರ ಬಂದು ಮಲಗಿದಾಗ ರಜೆ ಹಾಕಿ ನನ್ನ ತಲೆಗೆ ಒದ್ದೆ ಬಟ್ಟೆ ಹಾಕಿದವನು ಅವನು. ನೀನು ಮುಟ್ಟಿದ ತಲೆಗೇ.

ಸೆಪ್ಟೆಂಬರಿನಲ್ಲಿ ಅವನು ಬಿಳಿ ಜೀಪನ್ನು ಮಾರುವುದೆಂದು ನಿಶ್ಚಯ ಮಾಡಿದ. ನೋಡಲು ಬಂದ ಪಾರ್ಟಿ ತನ್ನ ಜೊತೆಗೆ ಬ್ರಹ್ಮಾವರದ ಬಚ್ಚನನ್ನು ಕರೆತಂದಿತ್ತು. ಬಚ್ಚ ಮಂಗಳೂರಿನ ದೊಡ್ಡ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿದು ಈಗ ಸ್ವಂತ ಗ್ಯಾರೇಜು ಇಟ್ಟವನು. ಪ್ರವೀಣ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಬಚ್ಚ ಸ್ಟಿಯರಿಂಗಿನ ಅಡಿಗೆ ಒಂದು ವಯರು ಸಿಕ್ಕಿಸಿ ಸ್ಕ್ಯಾನರ್ ಹಿಡಿದು ಏನೇನೋ ಓದಿದ, ಬಾನೆಟ್ಟಿನ ಒಳಗೆ ತಲೆ ಹಾಕಿದ, ಮತ್ತೆ ಬಂದು ಓದಿದ. ಕೊನೆಗೆ 'ಹ್ವಾಯ್ ಕಮಲಕ್ಕ, ಇಲ್ಲ್ ಬನ್ನಿ ಕಾಂಬ. ಈ ಗಾಡಿ ಹೊಟ್ಟಿ ಒಳ್ಗ್ ಇಪ್ಪುದ್ ಈ ಗಾಡಿದಲ್ಲ' ಎಂದ. ನನಗೆ ಅರ್ಥವಾಗಲಿಲ್ಲ. ಆಗ ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಪುಷ್ಪಳಿಗೆ ಬರೆಯುತ್ತೇನೆ.

ಇಂಜೆಕ್ಟರ್ ಎಂದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಸಾಮಾನು. ಈ ಜೀಪಿನಲ್ಲಿ ನಾಲ್ಕು ಇರುತ್ತವೆ. ನೋಡಲು ಎಲ್ಲ ಒಂದೇ, ಆದರೆ ಊಟದ ಪಂಕ್ತಿಯಲ್ಲಿ ಬಡಿಸುವವರ ಕೈ ಹೇಗೆ ಒಬ್ಬರ ಹಾಗೆ ಒಬ್ಬರದಿಲ್ಲವೋ ಹಾಗೆ ಇವೂ. ಒಂದು ಕೂದಲೆಳೆಯಷ್ಟು ಜಾಸ್ತಿ ಬಡಿಸುತ್ತದೆ, ಇನ್ನೊಂದು ಕಮ್ಮಿ. ಪ್ರತಿಯೊಂದರ ಕೈಗುಣವನ್ನು ಕಂಪೆನಿಯವರು ಮೊದಲೇ ಪರೀಕ್ಷೆ ಮಾಡಿ ಅದರ ತಲೆಯ ಮೇಲೆ ಒಂದು ನಂಬರು ಕೊರೆದಿರುತ್ತಾರೆ. ಇಂಜೆಕ್ಟರ್ ಬದಲಾಯಿಸಿದಾಗ ಆ ನಂಬರನ್ನು ಗಾಡಿಯ ಕಂಪ್ಯೂಟರಿಗೆ ಹೇಳಬೇಕು, ಯಾವುದು ಎಷ್ಟನೆಯ ಸಿಲಿಂಡರಿನಲ್ಲಿ ಕೂತಿದೆ ಎನ್ನುವುದನ್ನೂ ಹೇಳಬೇಕು. ಅದಕ್ಕೆ ಕೋಡಿಂಗ್ ಎನ್ನುತ್ತಾರೆ. ಹೇಳಿದರೆ ಕಂಪ್ಯೂಟರು ಒಬ್ಬೊಬ್ಬರ ಕೈಗೆ ತಕ್ಕ ಹಾಗೆ ಹದ ಮಾಡಿಕೊಳ್ಳುತ್ತದೆ. ಹೇಳದಿದ್ದರೆ ಹಳೆಯವರೇ ಬಡಿಸುತ್ತಿದ್ದಾರೆ ಎಂದು ನಂಬಿ ಕೆಲಸ ಕೆಡಿಸುತ್ತದೆ. ಬಿಳಿ ಜೀಪಿನ ಕಂಪ್ಯೂಟರು ಶೋರೂಮಿನಿಂದ ಬಂದ ದಿನದ ನಾಲ್ಕು ನಂಬರುಗಳನ್ನೇ ಇನ್ನೂ ಹೇಳುತ್ತಿತ್ತು. ಒಳಗೆ ಇದ್ದ ನಾಲ್ಕರ ತಲೆಯ ಮೇಲೆ ಬೇರೆ ನಾಲ್ಕು ನಂಬರುಗಳಿದ್ದವು. ಅವು ಪೂರಾ ಸವೆದ, ತುಂಬ ಹಳೆಯ ಮಾಲು. ಸೀಮೆಎಣ್ಣೆಯೂ ಇಲ್ಲ, ಮಣ್ಣೂ ಇಲ್ಲ. ಬಚ್ಚ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ನಾನು ಆ ಪಾರ್ಟಿಗೆ ಗಾಡಿ ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ, ಬಚ್ಚನ ಹತ್ತಿರ ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರಲು ಕೇಳಿಕೊಂಡೆ.

ಬಿಳಿ ಜೀಪಿನ ಸ್ವಂತ ನಾಲ್ಕು ಎಲ್ಲಿ ಹೋಗಿವೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೂ ತಾಯಿಯ ಕರುಳು, ಒಂದು ಸಲ ನಿನ್ನನ್ನು ಪರೀಕ್ಷೆ ಮಾಡಿ ನೋಡುವ ಎನಿಸಿತು. ಪುಷ್ಪ, ನಿನಗೆ ನೆನಪಿದೆಯಾ, ನವರಾತ್ರಿಗೆ ಬರುವ ಮೊದಲು ನಾನು ಫೋನು ಮಾಡಿ, ಬಿಳಿ ಜೀಪಿನ ಇಂಜೆಕ್ಟರಿನ ತಲೆಯ ಮೇಲೆ ಏನೋ ನಂಬರು ಇರುತ್ತದಂತೆ, ಅದು ತಾಳೆಯಾಗುವುದಿಲ್ಲವಂತೆ, ನನಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಹರಟಿದ್ದೆ. ನೀನು ಅದನ್ನು ನಿನ್ನ ಗಂಡನಿಗೆ ಹೇಳಲಿ ಎಂದೇ ನಾನು ಹರಟಿದ್ದು. ನೀನು ಪಾಪದ ಹುಡುಗಿ, ಹೇಳಿದೆ. ನಿನ್ನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ.

ಮತ್ತೆ ರವಿ, ನೀನು ಬಂದೆ. ಹುಟ್ಟಿದಾಗಿನಿಂದ ಒಂದು ಸೈಕಲ್ಲನ್ನೂ ತೊಳೆಯದ ನೀನು, ಆಯುಧ ಪೂಜೆಯ ಹಿಂದಿನ ಮಧ್ಯಾಹ್ನ ಉಂಡ ಕೈ ಆರುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಬಂದು 'ಅಮ್ಮ, ಸ್ವಲ್ಪ ಹುಣ್ಸಿಹುಳಿ ಕೊಡ್, ಗಾಡಿ ತಿಕ್ಕುಕೆ' ಎಂದೆ. ತಾಮ್ರದ ಕೊಡಪಾನಕ್ಕೆ ಹುಳಿ ಹಾಕುವುದುಂಟು, ಕತ್ತಿ ಸುತ್ತಿಗೆಗೂ ಹಾಕುವುದುಂಟು, ಜೀಪಿಗೆ ಹಾಕಿದವರನ್ನು ನಾನು ಕಂಡಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಬಾಯಲ್ಲಿ ಹೇಳಿದ್ದೆ, ಕಣ್ಣಲ್ಲಿ ಕಂಡದ್ದು ಅವತ್ತೇ. ಹೊಸ ಹುಳಿಯ ದೊಡ್ಡ ಉಂಡೆಯನ್ನೇ ಕೊಟ್ಟೆ. ನೀನು ಕೆಂಪು ಜೀಪಿನ ಬಾನೆಟ್ ಎತ್ತಿ, ಮೇಲಿನ ಮುಚ್ಚಳ ಬಿಚ್ಚಿ, ಮೊದಲು ಹುಳಿ, ಆಮೇಲೆ ಬೂದಿ, ಆಮೇಲೆ ತಂತಿಯ ಬ್ರಷ್ಷು, ಅದೂ ಸಾಲದೆ ಪ್ರವೀಣನ ಚೀಲದಿಂದ ಅವನು ಬೋಟಿಗೆ ತಿಕ್ಕುವ ಪಾಲಿಶ್ ಕಾಗದವನ್ನು ತೆಗೆದು, ಬೆವರು ಇಳಿಸಿಕೊಂಡು ತಿಕ್ಕಿದೆ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ನಾಲ್ಕು ಇಂಜೆಕ್ಟರುಗಳ ತಲೆ ದೇವರ ಸೊಡರಿನ ಹಾಗೆ ಹೊಳೆಯಿತು, ಒಂದು ಅಕ್ಷರ ಉಳಿಯಲಿಲ್ಲ. ನೀನು ಅದಕ್ಕೆ ಕುಂಕುಮ ಬೇರೆ ಇಟ್ಟೆ. ಪಕ್ಕದಲ್ಲೇ ತಾಡಪಾಲು ಹೊದ್ದು ನಿಂತ ಬಿಳಿ ಜೀಪಿಗೆ ಒಂದು ದಾಸವಾಳ ಸಿಕ್ಕಿಸಲು ನಿನಗೆ ಮನಸ್ಸು ಬರಲಿಲ್ಲ. ಹೂವು ಇಟ್ಟವನು ಪ್ರವೀಣ, ಎರಡಕ್ಕೂ.

ಆಗಲೇ ಯಾಕೆ ಕೇಳಲಿಲ್ಲ ಎನ್ನುತ್ತೀಯಾ? ಕೇಳಿದ್ದರೆ ನೀನು ಅಳುತ್ತಿದ್ದೆ. ಕಾಲು ಹಿಡಿಯುತ್ತಿದ್ದೆ, ಚಿಕ್ಕವನಿರುವಾಗ ಮಾಡುತ್ತಿದ್ದ ಹಾಗೆ ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದೆ. ನಾನು ಕರಗುತ್ತಿದ್ದೆ, ನನ್ನನ್ನು ನಾನು ಬಲ್ಲೆ. ಮರುದಿನಕ್ಕೆ ಎಲ್ಲ ಸರಿಹೋಯಿತು ಎಂದು ನೀನು ಗಲ್ಲೆಗೆ ಹೊರಡುತ್ತಿದ್ದೆ, ಪ್ರವೀಣ ಮರ ತಿಕ್ಕುವುದಕ್ಕೆ ಹೊರಡುತ್ತಿದ್ದ. ಅದು ನನಗೆ ಬೇಡವಾಗಿತ್ತು. ನನಗೆ ನಿನ್ನ ಕಣ್ಣೀರು ಬೇಡ ರವಿ, ಪ್ರವೀಣ ನುಂಗಿದ್ದನ್ನು ನೀನೂ ನುಂಗುವುದು ಬೇಕು. ಹಾಗಾಗಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸೊಂಟದ ಎಣ್ಣೆ ಎಲ್ಲ ಕಟ್ಟಿಕೊಟ್ಟು, ನಗುನಗುತ್ತಾ ನಿಮ್ಮನ್ನು ರೈಲು ಹತ್ತಿಸಿದೆ. ಅಷ್ಟು ಚೆನ್ನಾಗಿ ನಾಟಕ ಮಾಡಲು ನನಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ನಿನಗೆ ಆ ಗುಣ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು.

ನೀವು ಹೋದ ಮರುವಾರ, ಪ್ರವೀಣ ಕೆಲಸಕ್ಕೆ ಹೋದ ಮೇಲೆ, ಬಚ್ಚನನ್ನು ಕರೆಸಿದೆ. ನಿನ್ನ ಗಾಡಿ ಓಡಿಸುವ ತಿಮ್ಮನಿಗೂ ಬಾಡಿಗೆ ಬಿಟ್ಟು ಬರಲು ಹೇಳಿದೆ. ತಿಮ್ಮ ನಿನ್ನ ಅಪ್ಪಯ್ಯನ ಜೊತೆ ಕೆಲಸ ಕಲಿತವನು, ಅವನ ಎದುರು ಆಗಬೇಕು ಎಂದು ನನ್ನ ಹಟ. ಬಚ್ಚ ಕೆಂಪು ಜೀಪಿಗೆ ವಯರು ಸಿಕ್ಕಿಸಿದ. ನೀನು ಲೋಹವನ್ನು ತಿಕ್ಕಿದೆ ಮಗಾ, ಕಂಪ್ಯೂಟರಿಗೆ ಹುಣಸೆಹುಳಿ ನಾಟುವುದಿಲ್ಲ. ಪ್ರವೀಣನ ಗಾಡಿಗೆ ಸವೆದ ಮಾಲು ತುಂಬಿಸುವಾಗ ಕೋಡಿಂಗ್ ಯಾಕೆ ದಂಡ ಎಂದು ಬಿಟ್ಟೆ. ನಿನ್ನ ಗಾಡಿ ಮಾತ್ರ ಬೆಣ್ಣೆಯ ಹಾಗೆ ಓಡಬೇಕಲ್ಲ, ಅದಕ್ಕೆ ಚೆನ್ನಾಗಿ ಕೋಡಿಂಗ್ ಮಾಡಿಸಿದ್ದೆ. ಬಿಳಿ ಜೀಪಿನ ನಾಲ್ಕು ನಂಬರುಗಳೂ ಕೆಂಪು ಜೀಪಿನ ಕಂಪ್ಯೂಟರಿನಲ್ಲಿ ಕೂತಿದ್ದವು, ಸಿಲಿಂಡರಿನ ಸಾಲು ಮಾತ್ರ ಹಿಂದುಮುಂದು. ಬಚ್ಚ ಮೊಬೈಲಿನ ಫೋಟೋ ಪಕ್ಕದಲ್ಲಿ ಹಿಡಿದು ಒಂದೊಂದಾಗಿ ಗಟ್ಟಿಯಾಗಿ ಓದಿದ. ತಿಮ್ಮ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. 'ಕುಷ್ಟಣ್ಣ ಇಲ್ದಿದ್ದದ್ದೇ ಒಳ್ಳೇದಾಯ್ತ್' ಎಂದ. ನನಗೂ ಹಾಗೇ ಅನಿಸಿತು.

ಜೀಪು ನನ್ನ ಹೆಸರಿನಲ್ಲಿದೆ, ಬಿಚ್ಚಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಿನ್ನ ಶನಿಯ ಉಪಕಾರ. ಎರಡೂ ಬಾನೆಟ್ ಎತ್ತಿಸಿದೆ. ನಿನ್ನ ತಿಕ್ಕಾಟದಿಂದ ಒಂದು ತೊಂದರೆಯಾಗಿತ್ತು, ತಲೆಯ ಮೇಲೆ ನಂಬರಿಲ್ಲದೆ ಯಾವುದು ಯಾವ ಸಿಲಿಂಡರಿನದ್ದು ಎಂದು ತಿಳಿಯುವುದು ಹೇಗೆ? ಅದಕ್ಕೂ ನಿನ್ನ ಗಾಡಿಯೇ ಉತ್ತರ ಹೇಳಿತು, ಇಂಥ ಸಿಲಿಂಡರಿನಲ್ಲಿ ಇಂಥ ನಂಬರು ಕೂತಿದೆ ಎಂದು ನೀನೇ ಅದಕ್ಕೆ ಕಲಿಸಿದ್ದೆಯಲ್ಲ. ಬಚ್ಚ ಒಂದೊಂದನ್ನೇ ತೆಗೆದು ಚೀಟಿ ಕಟ್ಟಿ, ಬಿಳಿ ಜೀಪಿನ ಕಂಪ್ಯೂಟರು ಹೇಳಿದ ಜಾಗದಲ್ಲೇ ಒಂದೊಂದನ್ನು ಕೂರಿಸಿದ. ಅಲ್ಲಿ ಹೊಸದಾಗಿ ಏನನ್ನೂ ಹೇಳಿಕೊಡಬೇಕಾಗಲಿಲ್ಲ, ತನ್ನವು ಬರುತ್ತವೆ ಎಂದು ಅದು ಅಷ್ಟು ತಿಂಗಳು ಕಾದುಕೊಂಡಿತ್ತು. ಕೀಲಿ ತಿರುಗಿಸಿದ ಕೂಡಲೇ ಸಣ್ಣ ಸದ್ದಿನಲ್ಲಿ ಹಿಡಿದುಕೊಂಡಿತು. ನಿನ್ನ ಹಳೆಯ ನಾಲ್ಕನ್ನು ನಿನ್ನ ಗಾಡಿಗೇ ವಾಪಸು ಹಾಕಿಸಿದೆ. ಕೋಡಿಂಗ್ ಮಾಡುವುದಾ ಎಂದು ಬಚ್ಚ ಕೇಳಿದ. ಬೇಡ ಎಂದೆ. ಅವನು ನನ್ನ ಮುಖ ನೋಡಿದ, ನಾನು ಒಳಗೆ ಹೋಗಿ ಅವರಿಗೆ ಅವಲಕ್ಕಿ ಕಲಸಿದೆ.

ಈಗ ಕೆಂಪು ಜೀಪು ಕೊಟ್ಟಿಗೆಯಲ್ಲಿ, ಬಿಳಿಯದು ಇದ್ದ ಜಾಗದಲ್ಲಿ, ಅದೇ ತಾಡಪಾಲು ಹೊದ್ದು ನಿಂತಿದೆ. ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತದೆ, ಅಂಗಳ ತುಂಬ ಹೊಗೆ. ಒಂದೆರಡು ಸಲ ಸುಮ್ಮನೆ ತಿಮ್ಮನ ಹತ್ತಿರ ಸ್ಟಾರ್ಟ್ ಮಾಡಿಸಿ, ಮೆಟ್ಟಿಲ ಮೇಲೆ ಕೂತು ಕೇಳಿದೆ. ನನಗೆ ಸಂತೋಷವಾಯಿತು. ಹೆತ್ತವಳು ಹೀಗೆ ಬರೆಯಬಾರದು ಎನ್ನುವವರು ತಮ್ಮ ತಲೆ ಮುಟ್ಟಿಸಿಕೊಂಡು ಬರಲಿ.

ಬಚ್ಚನೇ ಸ್ಟ್ಯಾಂಡಿಗೆ ಹೋಗಿ ಎಲ್ಲರಿಗೂ ಫೋಟೋ ತೋರಿಸಿ, ಪ್ರವೀಣನ ಗಾಡಿಯ ಸಾಮಾನು ಯಾರೋ ಬದಲಾಯಿಸಿದ್ದಾರೆ, ಸೀಮೆಎಣ್ಣೆ ಎಲ್ಲ ಸುಳ್ಳು ಎಂದು ಹೇಳಿದ. ಯಾರು ಎಂದು ಹೇಳಲಿಲ್ಲ, ನಾನು ಬೇಡ ಎಂದಿದ್ದೆ. ಸ್ಟ್ಯಾಂಡಿನವರು ಗುಂಪಾಗಿ ಹಂಗಾರಕಟ್ಟೆಗೇ ಹೋಗಿ ಅವನನ್ನು ಕರೆದುಕೊಂಡು ಬಂದರು. ಈಗ ಮತ್ತೆ ಸಾಲಿನಲ್ಲಿ ಅವನ ಬಿಳಿ ಜೀಪು ನಿಲ್ಲುತ್ತದೆ. ಅಕ್ಷಯಾಳ ಅಪ್ಪ ಬಚ್ಚನ ಗ್ಯಾರೇಜಿನ ಪಕ್ಕದ ಮನೆಯವರೇ, ಕೇಳಿದ ಮರುದಿನ ಬಾಳೆಗೊನೆ ಹಿಡಿದುಕೊಂಡು ಬಂದು ಕೈಮುಗಿದರು. ಆ ಹುಡುಗಿ ಬೇರೆ ಯಾರಿಗೂ ಒಪ್ಪದೆ ಕೂತಿದ್ದಳಂತೆ. ಡಿಸೆಂಬರ್ ಒಂಬತ್ತಕ್ಕೆ, ಭಾನುವಾರ, ಬ್ರಹ್ಮಾವರದಲ್ಲಿ ಮದುವೆ. ಧನುರ್ಮಾಸ ಬರುವ ಮೊದಲು ಆಗಲಿ ಎಂದು ಅವಸರ ಮಾಡಿದ್ದೇವೆ. ಮದುವೆಯ ಕಾಗದ ಅಚ್ಚಾಗುತ್ತಿದೆ. ಪುಷ್ಪ, ನಿನಗೆ ತೆಗೆದ ಸೀರೆ ಹಸಿರು, ಜರಿ ಸಣ್ಣದು, ನಿನಗೆ ಒಪ್ಪುತ್ತದೆ.

ಇನ್ನು ಸ್ವಲ್ಪವೇ ಇದೆ, ಇದು ಎಲ್ಲಕ್ಕಿಂತ ಕಷ್ಟದ್ದು. ಪ್ರವೀಣನಿಗೆ ನಿನ್ನ ವಿಷಯ ಗೊತ್ತಿಲ್ಲ. ವಾಟರ್ ಸರ್ವೀಸಿನ ಜಾಗದವರು ಕದ್ದರು ಎಂದು ಅವನು ನಂಬಿದ್ದಾನೆ. 'ಅಣ್ಣಂಗೂ ಮೋಸ ಮಾಡ್ರಲ್ಲ ಅಮ್ಮ. ಪಾಪ, ಅವ್ನ್ ಎಷ್ಟ್ ನಂಬಿ ಗಾಡಿ ಬಿಟ್ಟಿದ್ದ' ಎಂದು ನಿನಗಾಗಿ ಮರುಗಿದ. ಬಚ್ಚ ಎಲ್ಲಿಂದಲೋ ಒಳ್ಳೆಯ ಮಾಲು ಹುಡುಕಿ ಹಾಕಿದ ಎಂದುಕೊಂಡು, ಬಾನೆಟ್ ಎತ್ತಿದಾಗಲೆಲ್ಲ ಆ ಹೊಳೆಯುವ ತಲೆಗಳನ್ನು ನೋಡಿ, ಯಾರೋ ಭಕ್ತಿಯಿಂದ ಪೂಜೆಗೆ ತಿಕ್ಕಿದ ಹಾಗಿದೆ ಎಂದು ನಗುತ್ತಾನೆ. ನಿನ್ನ ಜೀಪು ಹೊಗೆ ಬಿಡುವುದು ನೋಡಿ, ಮದುವೆಗೆ ಅಣ್ಣ ಬರುವ ಮೊದಲು ತಾನೇ ಖರ್ಚು ಮಾಡಿ ರಿಪೇರಿ ಮಾಡಿಸುವುದಾಗಿ ಹೊರಟಿದ್ದ. ನಾನು ಬೈದು ನಿಲ್ಲಿಸಿದೆ. ಯಾಕಮ್ಮ ಬೈಯುವುದು ಎಂದು ಪೆಚ್ಚಾದ. ಕುರುಡು ನಂಬಿಕೆ ಎಂದರೆ ಅವನದ್ದು, ಅದನ್ನು ನೋಡುವಾಗ ನನಗೆ ನಿನ್ನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತದೆ. ಅಪ್ಪಯ್ಯ ಇಲ್ಲದ ಮದುವೆಯಲ್ಲಿ ಅಣ್ಣನೇ ಅಪ್ಪಯ್ಯನ ಜಾಗದಲ್ಲಿ ಕೂರಬೇಕು ಎಂದು ಅವನು ಪುರೋಹಿತರಿಗೆ ಹೇಳಿ ಆಗಿದೆ. ನಾನು ಬೇಡ ಎನ್ನಲಿಲ್ಲ.

ಪುಷ್ಪಳಿಗೂ ಪ್ರೇಕ್ಷಾಳಿಗೂ ನನ್ನ ಆಶೀರ್ವಾದಗಳು. ಪುಷ್ಪ, ನೀನು ಅಳಬೇಡ, ಇವನು ಮಾಡಿದ್ದಕ್ಕೆ ನೀನು ಹೊಣೆಯಲ್ಲ, ಈ ಮನೆಯಲ್ಲಿ ನಿನ್ನ ಜಾಗ ನಿನ್ನದೇ. ನಿನ್ನ ಅಣ್ಣನಿಗೆ, ಅತ್ತಿಗೆಗೆ ಕೇಳಿದೆನೆಂದು ಹೇಳು, ಮದುವೆಗೆ ಎಲ್ಲರೂ ಬರಲೇಬೇಕು.

ಇಂತು,
ಇನ್ನೂ ಬದುಕಿರುವ ನಿನ್ನ ಅಮ್ಮ,
ಕಮಲ

ಮರೆತಿದ್ದೆ: ಡಿಸೆಂಬರ್ ಆರು, ಗುರುವಾರ ಬೆಳಿಗ್ಗೆ ನೀವು ಬರುವ ಮತ್ಸ್ಯಗಂಧ ರೈಲಿಗೆ ಕುಂದಾಪುರ ಸ್ಟೇಷನ್ನಿಗೆ ಪ್ರವೀಣನೇ ಬಿಳಿ ಜೀಪು ತರುತ್ತಾನೆ. ಪುಷ್ಪ ಮಗುವನ್ನು ಕರೆದುಕೊಂಡು ಹಿಂದೆ ಕೂರಲಿ, ನೀನು ಅವನ ಪಕ್ಕದಲ್ಲಿ ಕೂರು. ಇಂಜಿನ್ನಿನ ಸದ್ದು ಕೇಳಿಕೋ, ಎಷ್ಟು ಸಣ್ಣಗಿದೆ ನೋಡು. ಸ್ಟೇಷನ್ನಿನಿಂದ ಸಂಗಮದ ಸೇತುವೆ ದಾಟಿ ತಲ್ಲೂರು ಮುಟ್ಟುವುದರೊಳಗೆ ನೀನೇ ನಿನ್ನ ಬಾಯಿಯಿಂದ ಅವನಿಗೆ ಹೇಳಬೇಕು. ಅವನು ದಾರಿಯಲ್ಲಿ ಜೀಪು ನಿಲ್ಲಿಸಿ ನಿನ್ನನ್ನು ಇಳಿಸಿದರೆ ಇಳಿ, ನಡೆದುಕೊಂಡು ಬಾ, ಬಾಗಿಲು ತೆರೆದಿರುತ್ತದೆ. ಅವನು ಮೊದಲಿನ ಹಾಗೇ ನಗುನಗುತ್ತಾ ನಿನ್ನ ಚೀಲ ಹೊತ್ತುಕೊಂಡು ಅಂಗಳಕ್ಕೆ ಬಂದರೆ ನೀನು ಹೇಳಲಿಲ್ಲ ಎಂದು ನನಗೆ ಗೊತ್ತಾಗುತ್ತದೆ. ಆಗ ಒಂದು ಮಾತೂ ಆಡುವುದಿಲ್ಲ, ನಿನಗೆ ಊಟ ಬಡಿಸುತ್ತೇನೆ. ಭಾನುವಾರ ದಿಬ್ಬಣ ಹೊರಡುವ ಮುಂಚೆ, ಅಪ್ಪಯ್ಯನ ಜಾಗದಲ್ಲಿ ಕೂರುವವನು ನೆಂಟರ ಎದುರು ತಾಯಿಯ ಕಾಲಿಗೆ ಬಗ್ಗಬೇಕಲ್ಲ, ನೀನು ಬಗ್ಗುತ್ತೀ. ಆಶೀರ್ವಾದಕ್ಕೆ ನಿನ್ನ ತಲೆಯ ಮೇಲೆ ಕೈಯಿಡುತ್ತೇನೆ. ಇಟ್ಟ ಕೈಯನ್ನು ತೆಗೆಯದೆ, ಸ್ಟ್ಯಾಂಡಿನವರಿಗೂ ಕೇಳುವ ಹಾಗೆ, ನಡೆದದ್ದನ್ನೆಲ್ಲ ಹೇಳುತ್ತೇನೆ. ನಾನು ಹೇಳುವುದು ಸತ್ಯವಾದ್ದರಿಂದ ನಿನಗೆ ಏನೂ ಆಗುವುದಿಲ್ಲ, ಹೆದರಬೇಡ.